ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪರಿಸರದ ಗ್ರಂಥಚರಿತ್ರೆ: ಕೆಲವು ಆಕರಗಳು ಮತ್ತು ಒಂದು ಅಧ್ಯಯನಕ್ರಮ

1. ಪ್ರವೇಶ

ಕನ್ನಡದಲ್ಲಿ ಹಸ್ತಪ್ರತಿಗಳ ಅಧ್ಯಯನಕ್ಕೆ ದೀರ್ಘವಾದ ಪರಂಪರೆಯಿದೆ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ', ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ', ಎಂ.ಎಂ. ಕಲಬುರ್ಗಿಯವರ 'ಕನ್ನಡ ಗ್ರಂಥಸಂಪಾದನ ಶಾಸ್ತ್ರ' ಇವು ಈ ಪರಂಪರೆಯ ಮುಖ್ಯ ಮಜಲುಗಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗವು ನಡೆಸಿಕೊಂಡು ಬಂದ ಹಸ್ತಪ್ರತಿ ಸಮ್ಮೇಳನಗಳೂ ಅಲ್ಲಿ ಮಂಡಿತವಾದ ಪ್ರಬಂಧಗಳ 'ಹಸ್ತಪ್ರತಿ ವ್ಯಾಸಂಗ' ಸಂಪುಟಗಳೂ ಈ ಕ್ಷೇತ್ರವನ್ನು ವಿಸ್ತರಿಸಿವೆ. ಇಷ್ಟಾದರೂ ಒಂದು ಪ್ರಶ್ನೆ ಹಿಂದೆಯೇ ಉಳಿದಿದೆ. ಹಸ್ತಪ್ರತಿಯಿಂದ ಕೃತಿಯನ್ನು ಪಡೆದುಕೊಂಡ ನಾವು, ಆ ಹಸ್ತಪ್ರತಿ ಯಾವ ಊರಿನದು, ಯಾರಿಗಾಗಿ ಬರೆದದ್ದು, ಯಾವ ಸಂದರ್ಭದಲ್ಲಿ ಬಿಚ್ಚಿ ಓದುತ್ತಿದ್ದುದು ಎಂಬುದನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ?

ಈ ಪ್ರಶ್ನೆಯನ್ನು ಒಂದು ಸೀಮಿತ ಪ್ರದೇಶಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಆಯ್ಕೆಗೆ ಕಾರಣವಿದೆ. ಒಂದಕ್ಕೊಂದು ತಾಗಿಕೊಂಡಂತಿರುವ ಈ ಪರಿಸರದಲ್ಲಿ ಗ್ರಂಥದ ನಾಲ್ಕು ಬೇರೆ ಬೇರೆ ಅವಸ್ಥೆಗಳು ಕಾಣಸಿಗುತ್ತವೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಗ್ರಂಥ ಪೂಜೆಗೊಂಡಿತು. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಓಲೆಯ ಮಾತು ಕಲ್ಲಿಗೇರಿತು. ಹಾನಗಲ್ಲಿನ ಮಠಪರಂಪರೆಯಿಂದ ಹೊರಟ ಪ್ರೇರಣೆ ಬೇರೊಂದೆಡೆ ಗ್ರಂಥಭಂಡಾರವಾಯಿತು. ಸವಣೂರಿನಲ್ಲಿ ಹಲವು ಲಿಪಿಗಳ ಬರಹ ಒಂದೇ ಊರಿನಲ್ಲಿ ನೆರೆಯಿತು. ಈ ನಾಲ್ಕನ್ನೂ ಒಟ್ಟಿಗೆ ನೋಡಿದಾಗ, ಸ್ಥಳವನ್ನು ಬಿಟ್ಟುಕೊಟ್ಟರೆ ಹಸ್ತಪ್ರತಿಯ ಅರ್ಧ ಚರಿತ್ರೆಯನ್ನೇ ಬಿಟ್ಟುಕೊಟ್ಟಂತೆ ಎಂಬ ಮಾತು ಸ್ಪಷ್ಟವಾಗುತ್ತದೆ.

2. ಪಠ್ಯದ ಚರಿತ್ರೆ ಮತ್ತು ಗ್ರಂಥದ ಚರಿತ್ರೆ

ಗ್ರಂಥಸಂಪಾದಕನಿಗೆ ಹಸ್ತಪ್ರತಿ ಒಂದು ಸಾಕ್ಷಿ. ಹಲವು ಸಾಕ್ಷಿಗಳನ್ನು ತಾಳೆ ನೋಡಿ, ಲಿಪಿಕಾರರಿಂದ ಉಂಟಾದ ಲೋಪ, ಆಗಮ, ಆದೇಶ, ಪಲ್ಲಟಗಳನ್ನು ಗುರುತಿಸಿ, ಕವಿಯ ಪಾಠಕ್ಕೆ ಸಮೀಪವಾದುದನ್ನು ನಿರ್ಣಯಿಸುವುದು ಅವನ ಕೆಲಸ. ಈ ದೃಷ್ಟಿಯಲ್ಲಿ ಲಿಪಿಕಾರನು ದೋಷದ ಮೂಲ. ಪರಿಷ್ಕರಣ ಮುಗಿದ ಮೇಲೆ ಪ್ರತಿಗಳು 'ಕ', 'ಖ', 'ಗ' ಎಂಬ ಸಂಕೇತಾಕ್ಷರಗಳಾಗಿ ಅಡಿಟಿಪ್ಪಣಿಯಲ್ಲಿ ಉಳಿಯುತ್ತವೆ.

ಗ್ರಂಥಚರಿತ್ರೆಯ ದೃಷ್ಟಿ ಇದಕ್ಕಿಂತ ಭಿನ್ನವಾದುದು. ಇಲ್ಲಿ ಒಂದೊಂದು ಪ್ರತಿಯೂ ಒಂದೊಂದು ಘಟನೆ. ಯಾರೋ ಓಲೆಯನ್ನು ಹದಮಾಡಿದರು, ಯಾರೋ ಕಂಟದಿಂದ ಕೊರೆದರು, ಮತ್ತಾರೋ ಮಸಿ ತೀಡಿದರು, ಯಾರದೋ ಪುಣ್ಯಕ್ಕಾಗಿ ಅದು ದಾನವಾಯಿತು, ಯಾವುದೋ ಮನೆಯ ಜಂತಿಯಲ್ಲಿ ತೂಗಿತು. ಸಂಪಾದಕನು 'ಅಪಪಾಠ'ವೆಂದು ಬಿಟ್ಟುಬಿಟ್ಟ ರೂಪವು ಆ ಊರಿನ ಉಚ್ಚಾರಣೆಯ ದಾಖಲೆಯಾಗಿರಬಹುದು. ಹಳೆಯ ಓಲೆಗಳಲ್ಲಿ ಎಕಾರ-ಏಕಾರ, ಒಕಾರ-ಓಕಾರಗಳ ಹ್ರಸ್ವದೀರ್ಘ ಭೇದವನ್ನು ತೋರಿಸದಿರುವುದು, ಅಲ್ಪಪ್ರಾಣ ಮಹಾಪ್ರಾಣಗಳು ಬೆರೆಯುವುದು ಸಾಮಾನ್ಯ. ಸಂಪಾದಕನಿಗೆ ಇವು ತೊಡಕು. ಬರಹದ ಚರಿತ್ರಕಾರನಿಗೆ ಇವೇ ಆಕರ.

ಎರಡು ದೃಷ್ಟಿಗಳೂ ಒಂದನ್ನೊಂದು ತಳ್ಳಿಹಾಕುವಂಥವಲ್ಲ. ಆದರೆ ಮೊದಲನೆಯದಕ್ಕಾಗಿ ಸಿದ್ಧಪಡಿಸಿದ ಸೂಚಿಗಳು ಎರಡನೆಯದಕ್ಕೆ ಸಾಲವು. ಕೃತಿಯ ಹೆಸರು, ಕರ್ತೃ, ಗರಿಗಳ ಸಂಖ್ಯೆ, ಅಳತೆ, ಪಂಕ್ತಿ, ಲಿಪಿ, ಆದಿ-ಅಂತ್ಯ, ಸ್ಥಿತಿ ಇವು ವರ್ಣನಾತ್ಮಕ ಸೂಚಿಯ ಅಂಗಗಳು. ಪ್ರತಿ ದೊರೆತ ಊರು, ಮನೆ ಅಥವಾ ಮಠ, ದೊರೆತ ವರ್ಷ, ಅದರೊಡನೆ ಒಂದೇ ಕಟ್ಟಿನಲ್ಲಿದ್ದ ಇತರ ಕೃತಿಗಳು ಇವು ಎಲ್ಲ ಸೂಚಿಗಳಲ್ಲಿಯೂ ಒಂದೇ ರೀತಿಯಾಗಿ ದಾಖಲಾಗಿಲ್ಲ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಯ ಜೈನ ಗ್ರಂಥಗಳನ್ನು ಅವು ಇದ್ದ ಭಂಡಾರಗಳೊಡನೆ ಸಂಬಂಧಿಸಿ ಕೊಟ್ಟಿತು. ಗ್ರಂಥ ಮತ್ತು ನೆಲೆಗಳನ್ನು ಬೇರ್ಪಡಿಸದ ಈ ಕ್ರಮ ಅನುಕರಣೀಯವಾದುದು.

3. ಬಂಕಾಪುರ: ಪೂಜೆಗೊಂಡ ಗ್ರಂಥ

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವನ್ನು ಇಂದಿನ ಪ್ರವಾಸಿಗರು ಅಲ್ಲಿಯ ಕೋಟೆ, ನಗರೇಶ್ವರ ದೇವಾಲಯ, ನವಿಲುಧಾಮಗಳಿಂದ ಬಲ್ಲರು. ಗ್ರಂಥಚರಿತ್ರೆಯಲ್ಲಿ ಅದರ ಸ್ಥಾನ ಇನ್ನೂ ಹಿರಿದು. ರಾಷ್ಟ್ರಕೂಟ ಅಮೋಘವರ್ಷನ ಗುರುವೆನಿಸಿದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣವನ್ನು ಆರಂಭಿಸಿ ಆದಿಪುರಾಣದ 42 ಪರ್ವಗಳವರೆಗೆ ರಚಿಸಿದರು. ಉಳಿದುದನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಪೂರೈಸಿದರು. ಉತ್ತರಪುರಾಣ ಪೂರ್ಣವಾಗಿ ಅವರದು. ಇದರ ಕೊನೆಯಲ್ಲಿ ಗುಣಭದ್ರರ ಶಿಷ್ಯ ಲೋಕಸೇನನು ಸೇರಿಸಿದ ಪ್ರಶಸ್ತಿಯೊಂದಿದೆ. ರಾಷ್ಟ್ರಕೂಟ ಅಕಾಲವರ್ಷನ, ಅಂದರೆ ಇಮ್ಮಡಿ ಕೃಷ್ಣನ, ಆಳ್ವಿಕೆಯಲ್ಲಿ, ಬಂಕೇಯನ ಮಗನಾದ ಲೋಕಾದಿತ್ಯನು ಬಂಕಾಪುರದಿಂದ ವನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರ ಪಿಂಗಳ ಸಂವತ್ಸರದ ಶ್ರೀಪಂಚಮಿಯಂದು ಭವ್ಯಜನರು ಈ ಪುರಾಣವನ್ನು ಪೂಜಿಸಿದರೆಂದು ಅದು ತಿಳಿಸುತ್ತದೆ. ಇದು ಕ್ರಿ.ಶ. 897-98ಕ್ಕೆ ಸಲ್ಲುವ ಕಾಲ.

ಸಾಹಿತ್ಯಚರಿತ್ರೆಗಳು ಈ ಪ್ರಶಸ್ತಿಯನ್ನು ಕೃತಿಯ ಕಾಲನಿರ್ಣಯಕ್ಕೆ, ರಾಜಕೀಯ ಚರಿತ್ರೆಗಳು ಲೋಕಾದಿತ್ಯನ ಅಧಿಕಾರವ್ಯಾಪ್ತಿಗೆ ಬಳಸಿಕೊಂಡಿವೆ. ಆದರೆ ಪ್ರಶಸ್ತಿ ನೇರವಾಗಿ ಹೇಳುತ್ತಿರುವುದು ರಚನೆ ಮುಗಿದುದನ್ನಲ್ಲ, ಗ್ರಂಥ ಪೂಜೆಗೊಂಡುದನ್ನು. ಕಟ್ಟಾದ ಪ್ರತಿಯೊಂದು ಸಭೆಯ ಮುಂದೆ ಬಂದು ಮನ್ನಣೆ ಪಡೆದ ದಿನವೇ ಅಲ್ಲಿ ನೆನಪಿಗೆ ಅರ್ಹವಾದ ದಿನವಾಗಿದೆ. ಕೃತಿ ಕವಿಯ ಕೈ ಬಿಟ್ಟು ಸಮುದಾಯದ ಕೈ ಸೇರಿದ ಘಳಿಗೆ ಅದು. ಕರ್ನಾಟಕದಲ್ಲಿ ಗ್ರಂಥವನ್ನು ಕೇಂದ್ರವಾಗಿಟ್ಟುಕೊಂಡು ನಡೆದ, ದಿನ-ಸ್ಥಳಗಳೊಡನೆ ದಾಖಲಾದ ಸಾರ್ವಜನಿಕ ಸಮಾರಂಭಗಳಲ್ಲಿ ಇದು ಅತ್ಯಂತ ಗಮನಾರ್ಹವಾದುದು.

ಈ ಸಮಾರಂಭವನ್ನು ಜೈನರ ಶ್ರುತಪಂಚಮಿಯ ಆಚರಣೆಯೊಡನೆ ಇಟ್ಟು ನೋಡಬೇಕು. ಜ್ಯೇಷ್ಠ ಶುದ್ಧ ಪಂಚಮಿಯಂದು ಆಗಮಗ್ರಂಥಗಳನ್ನು ಹೊರತೆಗೆದು, ದೂಳು ಕೊಡವಿ, ವಸ್ತ್ರ ಬದಲಿಸಿ ಪೂಜಿಸುವ ಪದ್ಧತಿಯಿದೆ. ಭಕ್ತಿಯ ಆಚರಣೆಯೊಳಗೆ ವರ್ಷಕ್ಕೊಮ್ಮೆಯ ಗ್ರಂಥಪರಿಶೀಲನೆ ಅಡಗಿರುವುದನ್ನು ಇಲ್ಲಿ ಕಾಣಬಹುದು. ಪೂಜೆ ಮತ್ತು ಸಂರಕ್ಷಣೆ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದವು.

ಬಂಕಾಪುರದ ವಿದ್ಯಾಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದುದನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ತಿಳಿಸುತ್ತದೆ. ಇದು ಹತ್ತನೆಯ ಶತಮಾನದ ಎಂಟನೆಯ ದಶಕದ ಸಂಗತಿ. ಅದೇ ಅಜಿತಸೇನರ ಶಿಷ್ಯನಾದ ಚಾವುಂಡರಾಯನು 978ರಲ್ಲಿ ರಚಿಸಿದ ಗದ್ಯಕೃತಿ 'ಚಾವುಂಡರಾಯ ಪುರಾಣ'ಕ್ಕೆ ಜಿನಸೇನ-ಗುಣಭದ್ರರ ಮಹಾಪುರಾಣವೇ ಆಧಾರ. ಬಂಕಾಪುರದಲ್ಲಿ ಪೂಜೆಗೊಂಡ ಸಂಸ್ಕೃತ ಗ್ರಂಥವು ಎಂಟು ದಶಕಗಳ ಅನಂತರ, ಬಂಕಾಪುರದಲ್ಲಿ ನೆಲೆಸಿದ್ದ ಗುರುವಿನ ಶಿಷ್ಯನಿಂದ ಕನ್ನಡಕ್ಕೆ ಇಳಿದದ್ದು ಆಕಸ್ಮಿಕವೆನ್ನಲಾಗದು. ಚಾವುಂಡರಾಯನ ಮುಂದಿದ್ದುದು ಬಂಕಾಪುರದ ಪ್ರತಿಯೇ ಎಂಬ ಸಿದ್ಧಾಂತಕ್ಕೆ ಇಷ್ಟು ಸಾಲದು. ಆದರೆ ಗ್ರಂಥ, ಗುರು, ಊರು ಈ ಮೂರನ್ನು ಕೂಡಿಸಿ ಓದಿದಾಗಲೇ ಇಂಥ ಪ್ರಶ್ನೆ ಏಳುತ್ತದೆ ಎಂಬುದು ಗಮನಾರ್ಹ.

ಗ್ರಂಥದಾನ, ಗ್ರಂಥಪಾಲನೆಗಳು ಈ ಕಾಲದ ಕರ್ನಾಟಕದಲ್ಲಿ ಸುಸ್ಥಾಪಿತವಾಗಿದ್ದವು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಸುಪ್ರಸಿದ್ಧ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರಿದ್ದುದನ್ನು ಹೇಳುತ್ತದೆ. ಗ್ರಂಥವನ್ನು ನೋಡಿಕೊಳ್ಳುವುದು ವೃತ್ತಿಯಾಗಿ ಪರಿಗಣಿತವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

4. ಅಬಲೂರು: ಕಲ್ಲು ಹೇಳುವ ಓಲೆ

ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು 1200ರ ಕಾಲದ ಏಕಾಂತದ ರಾಮಯ್ಯನ ಶಾಸನವು ಜೆ.ಎಫ್. ಫ್ಲೀಟ್ ಅವರಿಂದ 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟವಾದಾಗಿನಿಂದ ವಿದ್ವಾಂಸರ ಚರ್ಚೆಗೆ ವಿಷಯವಾಗಿದೆ. ಶೈವ-ಜೈನ ಸಂಘರ್ಷದ ದಾಖಲೆಯಾಗಿ ಅದನ್ನು ನೋಡಿದವರೇ ಹೆಚ್ಚು. ಆ ವಾದವಿವಾದದ ಸತ್ಯಾಸತ್ಯ ಇಲ್ಲಿ ಪ್ರಸ್ತುತವಲ್ಲ. ನಮ್ಮ ಗಮನಕ್ಕೆ ಬರಬೇಕಾದುದು ಶಾಸನದೊಳಗೆ ಬರುವ ಎರಡು ಬರಹಗಳು.

ಆಳಂದೆಯಿಂದ ಹೊರಟು ಹುಲಿಗೆರೆಯ ಮೂಲಕ ಅಬಲೂರಿಗೆ ಬಂದ ರಾಮಯ್ಯನಿಗೂ ಅಲ್ಲಿಯ ಜೈನರಿಗೂ ವಾದ ಬೆಳೆಯುತ್ತದೆ. ತಾನು ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ ನೀವೇನು ಮಾಡುವಿರೆಂದು ಪಣ ಒಡ್ಡಿದಾಗ, ಆ ಪಣವನ್ನು ಬಾಯಿಮಾತಿನಲ್ಲಿ ಬಿಡದೆ ಓಲೆಯಲ್ಲಿ ಬರೆಸಿಕೊಳ್ಳಲಾಗುತ್ತದೆ. ಮುಂದೆ ವಿವಾದ ಬಿಜ್ಜಳನ ಆಸ್ಥಾನಕ್ಕೆ ಹೋಗಿ, ಕೊನೆಗೆ ದೊರೆ ರಾಮಯ್ಯನಿಗೆ ಜಯಪತ್ರವನ್ನು ಕೊಡುತ್ತಾನೆ. ಒಂದು ಓಲೆಯಿಂದ ಆರಂಭವಾದ ವ್ಯಾಜ್ಯ ಒಂದು ಪತ್ರದಿಂದ ಮುಗಿಯುತ್ತದೆ. ಆ ಓಲೆ ಮತ್ತು ಜಯಪತ್ರಗಳ ಮಾತನ್ನು ಇಂದಿಗೂ ಹೇಳುತ್ತಿರುವುದು ಕಲ್ಲು.

ಇದರಿಂದ ತಿಳಿಯುವುದು ಮೂರು ಸಂಗತಿ. ಒಂದು, ಹನ್ನೆರಡನೆಯ ಶತಮಾನದ ಗ್ರಾಮಸಮಾಜದಲ್ಲಿ ಓಲೆಯು ಕಾವ್ಯ-ಶಾಸ್ತ್ರಗಳ ವಾಹಕವಷ್ಟೇ ಅಲ್ಲ, ಕರಾರಿನ ಸಾಧನವೂ ಆಗಿತ್ತು. ಎರಡು, ಕಲ್ಲು ಮತ್ತು ಓಲೆಗಳನ್ನು ಶಾಸನಶಾಸ್ತ್ರ, ಹಸ್ತಪ್ರತಿಶಾಸ್ತ್ರಗಳೆಂಬ ಎರಡು ವಿಭಾಗಗಳಿಗೆ ಹಂಚಿಬಿಟ್ಟರೆ ಅವುಗಳ ನಡುವಿನ ನಂಟು ಕಣ್ಮರೆಯಾಗುತ್ತದೆ. ಮೂರು, ಅದೇ ಕಥೆಯನ್ನು ಹರಿಹರನು 'ಏಕಾಂತ ರಾಮಿತಂದೆಯ ರಗಳೆ'ಯಲ್ಲಿ ಹೇಳಿದ್ದಾನೆ. ಅಬಲೂರಿನ ದೇವಾಲಯದ ಶಿಲ್ಪಪಟ್ಟಿಕೆಗಳು ಕಿರುಬರಹಗಳೊಡನೆ ಅದನ್ನು ಚಿತ್ರಿಸಿವೆ. ಕಾವ್ಯವಾಗಿ, ಶಾಸನವಾಗಿ, ಶಿಲ್ಪವಾಗಿ ಒಂದೇ ಕಥೆ ಮೂರು ಮಾಧ್ಯಮಗಳಲ್ಲಿ ಉಳಿದಿರುವ ಇಂಥ ಸಂದರ್ಭ ಅಪರೂಪ. ಇವುಗಳಲ್ಲಿ ಯಾವುದು ಯಾವುದಕ್ಕೆ ಮೂಲ ಎಂಬುದಕ್ಕಿಂತ, ಓದುಬಾರದವನಿಗೂ ಓದುಬಲ್ಲವನಿಗೂ ಒಂದೇ ಕಥೆ ಹೇಗೆ ತಲಪುತ್ತಿತ್ತು ಎಂಬುದು ಗ್ರಂಥಚರಿತ್ರೆಯ ಪ್ರಶ್ನೆ. ಹಾನಗಲ್ಲ ಕದಂಬರ ಕಾಮದೇವನು ಈ ದೇವಾಲಯಕ್ಕೆ ದತ್ತಿ ಬಿಟ್ಟುದನ್ನೂ ಶಾಸನ ದಾಖಲಿಸುತ್ತದೆ. ಪಾನುಂಗಲ್ಲಿನ ಅರಸನಿಗೂ ಅಬಲೂರಿನ ಕಥೆಗೂ ಸಂಬಂಧ ಏರ್ಪಟ್ಟುದು ಹೀಗೆ.

ಕಲ್ಲಿನ ಬರಹ ಮರಳಿ ಕಾಗದಕ್ಕೆ ಬಂದ ಚರಿತ್ರೆಯೂ ಇಲ್ಲಿ ನೆನೆಯತಕ್ಕದ್ದು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಅವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ 595 ಶಾಸನಗಳ ಕೈಬರಹದ ಪ್ರತಿಗಳನ್ನು ಸಿದ್ಧಪಡಿಸಿದರು. ಈ ಸಂಪುಟಗಳೇ ಒಂದು ಬಗೆಯ ಹಸ್ತಪ್ರತಿಗಳು. ಕಲ್ಲು ಸವೆದಿರುವೆಡೆ ಇಂಥ ನಕಲುಗಳೇ ಪಾಠಕ್ಕೆ ಆಧಾರವಾಗುವುದುಂಟು.

5. ಮಾಸೂರು: ಓಲೆ, ನಾಲಗೆ, ಅಚ್ಚು

ಹಿರೇಕೆರೂರು ಪರಿಸರದ ಇನ್ನೊಂದು ಹೆಸರು ಸರ್ವಜ್ಞ. ಮಾಸೂರಿನ ಬಸವರಸ, ಅಂಬಲೂರಿನ ಕುಂಬಾರ ಮಾಳಿ ಇವರ ಮಗನೆಂಬ ವೃತ್ತಾಂತ ಪ್ರಸಿದ್ಧವಾಗಿದ್ದು, ಅಂಬಲೂರು ಈಗಿನ ಅಬಲೂರೆಂದು ಹೇಳಲಾಗುತ್ತದೆ. ಇದಕ್ಕೆ ಆಧಾರವಾದ ಜನ್ಮವೃತ್ತಾಂತದ ತ್ರಿಪದಿಗಳು ಸರ್ವಜ್ಞನವೇ ಅಥವಾ ಪ್ರಕ್ಷಿಪ್ತವೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಜಯಂತಿಗಳ ವೇದಿಕೆಯಲ್ಲಿ ಈ ಚರ್ಚೆ ಮರೆಯಾಗಿ ವೃತ್ತಾಂತವೊಂದೇ ಉಳಿಯುತ್ತದೆ. ಅಧ್ಯಾಪಕರಾದವರು ಊರಿನ ಅಭಿಮಾನವನ್ನು ನೋಯಿಸದೆಯೂ ಹಸ್ತಪ್ರತಿಗಳ ಸಾಕ್ಷ್ಯವನ್ನು ಮರೆಮಾಚದೆಯೂ ಮಾತನಾಡಬೇಕಾದ ಸ್ಥಳವಿದು.

ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ರೆವರೆಂಡ್ ಚನ್ನಪ್ಪ ಉತ್ತಂಗಿಯವರು (1881-1962) ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಸರ್ವಜ್ಞನ ವಚನಗಳು' ಸಂಪುಟವು ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಒಂದೆಡೆ ತಂದಿತು. ಆ ಕಾಲದ ಸೌಕರ್ಯಗಳನ್ನು ನೆನೆದರೆ ಇದು ಅಸಾಧಾರಣ ಸಾಧನೆ. ಆದರೆ ಸರ್ವಜ್ಞನ ಪಠ್ಯವು ಗ್ರಂಥಸಂಪಾದನಶಾಸ್ತ್ರದ ಸಾಮಾನ್ಯ ವಿಧಾನಕ್ಕೆ ಒಗ್ಗುವುದಿಲ್ಲ. ಕಾವ್ಯದಲ್ಲಿ ಕಥೆಯ ಓಟವು ಪದ್ಯಗಳನ್ನು ಬಿಗಿದಿಟ್ಟಿರುತ್ತದೆ. ಒಂದು ಪದ್ಯ ಬಿದ್ದರೆ ಕೊರತೆ ಕಾಣುತ್ತದೆ, ಹೆಚ್ಚಾದರೆ ಹೊರಗಿನದೆಂದು ತಿಳಿಯುತ್ತದೆ. ತ್ರಿಪದಿ ಹಾಗಲ್ಲ. ಒಂದೊಂದೂ ಸ್ವತಂತ್ರ. ಸೇರಿಸಿದರೆ ಗೊತ್ತಾಗದು, ಬಿಟ್ಟರೆ ತಿಳಿಯದು. ಕೊನೆಯಲ್ಲಿ 'ಸರ್ವಜ್ಞ' ಎಂಬ ಅಂಕಿತವನ್ನಿಟ್ಟರೆ ಯಾರ ಅನುಭವವೂ ಸರ್ವಜ್ಞನದಾಗಬಹುದು. ಆದ್ದರಿಂದ ಪ್ರತಿಗಳ ವಂಶವೃಕ್ಷವನ್ನು ಕಟ್ಟಿ ಮೂಲಪ್ರತಿಯನ್ನು ಮುಟ್ಟುವ ಪ್ರಯತ್ನ ಇಲ್ಲಿ ಹೆಚ್ಚು ದೂರ ಸಾಗದು.

ಹಾಗಿದ್ದರೆ ಈ ಹಸ್ತಪ್ರತಿಗಳ ಉಪಯೋಗವೇನು? ಇಲ್ಲಿ ಗ್ರಂಥಚರಿತ್ರೆಯ ದೃಷ್ಟಿ ನೆರವಿಗೆ ಬರುತ್ತದೆ. ಸರ್ವಜ್ಞನ ಒಂದೊಂದು ಪ್ರತಿಯೂ ಒಬ್ಬ ಓದುಗನು ಮಾಡಿಕೊಂಡ ಆಯ್ಕೆ. ಯಾವ ಪದ್ಧತಿಗಳು ಅದರಲ್ಲಿವೆ, ಯಾವುವು ಇಲ್ಲ, ಗುರು-ಲಿಂಗಗಳ ವಿಷಯ ಮುಂದಿದೆಯೋ ಬೇಸಾಯ-ವ್ಯಾಪಾರಗಳ ವಿಷಯ ಮುಂದಿದೆಯೋ ಎಂಬುದರಿಂದ ಆ ಪ್ರತಿಯನ್ನು ಮಾಡಿಕೊಂಡವರ ಜೀವನ ತಿಳಿಯುತ್ತದೆ. ಮಠದಲ್ಲಿ ಸಿದ್ಧವಾದ ಪ್ರತಿ ಬೇರೆ, ಮನೆಯಲ್ಲಿ ಸಿದ್ಧವಾದ ಪ್ರತಿ ಬೇರೆ. ಆದರೆ ಪ್ರತಿ ಎಲ್ಲಿಯದೆಂದು ತಿಳಿಯದಿದ್ದರೆ ಈ ವಿವೇಚನೆಗೆ ದಾರಿಯೇ ಇಲ್ಲ.

1924ರ ಅನಂತರದ ಪ್ರತಿಗಳಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. ಅಚ್ಚಿನ ಪುಸ್ತಕ ಬಂದೊಡನೆ ಕೈಬರಹ ನಿಲ್ಲಲಿಲ್ಲ. ಅಚ್ಚಿನಿಂದ ನೋಟುಬುಕ್ಕಿಗೆ, ನೋಟುಬುಕ್ಕಿನಿಂದ ನಾಲಗೆಗೆ, ನಾಲಗೆಯಿಂದ ಮತ್ತೆ ಬರಹಕ್ಕೆ ಪದ್ಯಗಳು ಸಂಚರಿಸಿದವು. ಕಾಗದದ ಪ್ರತಿಯೊಂದರ ಪದ್ಧತಿಗಳ ಅನುಕ್ರಮವೂ ಪದ್ಯಸಂಖ್ಯೆಯೂ ಮುದ್ರಿತ ಆವೃತ್ತಿಯೊಡನೆ ಹೊಂದಿಕೊಂಡರೆ ಅದು ಸ್ವತಂತ್ರ ಸಾಕ್ಷಿಯಾಗಲಾರದು. ಇದೇ ಮಾತು ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಷರೀಫರ (1819-1889) ಪದಗಳಿಗೂ, ಅದೇ ತಾಲ್ಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರ ಕೀರ್ತನೆಗಳಿಗೂ ಅನ್ವಯಿಸುತ್ತದೆ. ಭಜನಾ ಮೇಳದವರ ಹಾಡಿನ ಪುಸ್ತಕಗಳನ್ನು 'ಇತ್ತೀಚಿನವು' ಎಂಬ ಕಾರಣಕ್ಕೆ ಬದಿಗಿಡುವುದು ತಪ್ಪು. ಮೇಳದಲ್ಲಿ ಹಾಡಿ ಹಾಡಿ ಉಳಿದ ಪಾಠ ಅಲ್ಲಿರುತ್ತದೆ. ಜತೆಗೆ ಮಟ್ಟು, ತಾಳ, ಹಾಡುವ ಸಂದರ್ಭಗಳ ಸೂಚನೆಯೂ ಇರಬಹುದು. ಮುದ್ರಿತ ಸಂಕಲನದಲ್ಲಿ ಮೊದಲು ಬಿದ್ದುಹೋಗುವುದು ಇವೇ.

6. ಹಾನಗಲ್ಲ: ಊರಿನಿಂದ ಭಂಡಾರಕ್ಕೆ

ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (1867-1930) 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ಮಠಾಧಿಕಾರಿಗಳಿಗೆ ಶಿಕ್ಷಣ ಕೊಡುವುದಕ್ಕಾಗಿ ಹುಟ್ಟಿದ ಈ ಸಂಸ್ಥೆಯಲ್ಲಿ ಓಲೆಗರಿಗಳ ಸಂಗ್ರಹವೂ ಬೆಳೆಯಿತು. ಇದೇ ಅವಧಿಯಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳಲ್ಲಿ ಚದುರಿದ್ದ ವಚನಗಳ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಸಂಗ್ರಹ ಮತ್ತು ಸಂಪಾದನ ಕಾರ್ಯಗಳು ವ್ಯಾಪಕವಾದವು. 1993ರಲ್ಲಿ ಪ್ರಕಟವಾದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳು ಇಂಥ ಸಂಗ್ರಹಕಾರ್ಯಗಳ ತಳಹದಿಯ ಮೇಲೆ ನಿಂತವು.

ಈ ಮಹನೀಯರೂ ಸಂಸ್ಥೆಗಳೂ ಇಲ್ಲದಿದ್ದರೆ ಗೆದ್ದಲು, ಹೊಗೆ, ಮಳೆನೀರುಗಳ ಪಾಲಾಗುತ್ತಿದ್ದ ಕಟ್ಟುಗಳು ಅಸಂಖ್ಯ. ಹಳೆಯ ಓಲೆಗಳನ್ನು ಹೊಳೆಗೆ ಬಿಡುವುದು ಪುಣ್ಯವೆಂದು ನಂಬಿದ ಮನೆಗಳೂ ಇದ್ದವು. ಸಂಗ್ರಾಹಕರ ಮೇಲಿನ ಋಣವನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಊರಿನಿಂದ ಭಂಡಾರಕ್ಕೆ ಬರುವ ದಾರಿಯಲ್ಲಿ ಗ್ರಂಥವು ಉಳಿಯಿತು, ಅದರ ಊರು ಕಳೆಯಿತು. ಮನೆಯಲ್ಲಿ ಒಂದೇ ವಸ್ತ್ರದಲ್ಲಿ ಕಟ್ಟಿಟ್ಟಿದ್ದ ವಚನದ ಕಟ್ಟು, ವೈದ್ಯದ ಓಲೆ, ಸಾಲದ ಲೆಕ್ಕ, ಪಂಚಾಂಗಗಳು ಭಂಡಾರದಲ್ಲಿ ವಿಷಯವಾರು ಬೇರ್ಪಟ್ಟವು. ಲೆಕ್ಕದ ಹಾಳೆ 'ಸಾಹಿತ್ಯವಲ್ಲ'ವೆಂದು ಹಿಂದೆಯೇ ಉಳಿಯಿತು. ವಚನ ಓದಿದವನೇ ವೈದ್ಯನೂ ಆಗಿದ್ದನೆಂಬ ಸಂಗತಿ ಆ ವಸ್ತ್ರದ ಗಂಟಿನಲ್ಲಿ ಮಾತ್ರ ಇತ್ತು.

7. ಸವಣೂರು: ಹಲವು ಲಿಪಿಗಳ ಒಂದು ಊರು

ಸವಣೂರು ಮಿಯಾನಾ ಪಠಾಣ ಮನೆತನದ ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಯಿತು. ಇದೇ ಊರಿನಲ್ಲಿ ಉತ್ತರಾದಿಮಠದ ಸತ್ಯಬೋಧತೀರ್ಥರ (ಮರಣ 1783) ಬೃಂದಾವನವಿದೆ. ವಿ.ಕೃ. ಗೋಕಾಕರು 1909ರಲ್ಲಿ ಜನಿಸಿದುದೂ ಇಲ್ಲಿಯೇ. ನವಾಬರ ಆಡಳಿತ, ಪೇಶ್ವೆಯರೊಡನೆ ಯುದ್ಧ-ಸಂಧಿಗಳು, ಮಾಧ್ವ ಮಠದ ಪಾಠಪ್ರವಚನ, ಪೇಟೆಯ ವ್ಯವಹಾರ ಇವು ಕೂಡಿದ ಊರಿನ ಬರಹದ ಪ್ರಪಂಚದಲ್ಲಿ ಫಾರಸಿ, ಮೋಡಿ, ದೇವನಾಗರಿ, ನಂದಿನಾಗರಿ, ಕನ್ನಡ ಲಿಪಿಗಳೆಲ್ಲವನ್ನೂ ನಿರೀಕ್ಷಿಸಬೇಕು. ದ್ವೈತಗ್ರಂಥಗಳ ಪ್ರತಿಗಳಿಗೆ ನಂದಿನಾಗರಿ ಬಳಕೆಯಲ್ಲಿದ್ದುದು ಸುವಿದಿತ. ಕುಲಕರ್ಣಿ ಮನೆತನಗಳ ದಫ್ತರಗಳು ಮೋಡಿಯಲ್ಲಿರುವುದು ಈ ಸೀಮೆಯಲ್ಲಿ ಸಾಮಾನ್ಯ.

ಕನ್ನಡ ವಿಭಾಗದ ಸಂಶೋಧಕನು ಇಂಥ ಕಟ್ಟೊಂದನ್ನು ಬಿಚ್ಚಿದಾಗ ಕನ್ನಡದ ಗರಿಗಳನ್ನಷ್ಟೇ ಆರಿಸಿಕೊಂಡು ಉಳಿದುದನ್ನು ಮರಳಿ ಕಟ್ಟುವ ಸಂಭವವಿದೆ. ಇದು ಎಂದಿಗೂ ಕೂಡದು. ಕನ್ನಡದ ಪ್ರತಿಯ ಕಾಲವನ್ನು ಹೇಳುವ ಸಾಕ್ಷ್ಯ ಪಕ್ಕದ ಮೋಡಿ ಕಾಗದದಲ್ಲಿರಬಹುದು.

ಕಾಲಗಣನೆಯ ವಿಷಯದಲ್ಲಿ ಕೆಲವು ಸೂಚನೆಗಳು ಇಲ್ಲಿ ಉಚಿತ. ಓಲೆಗಳ ಪುಷ್ಪಿಕೆಯಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಕಾಲ ನಿಶ್ಚಯವಾಗದು. 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. 'ಪಿಂಗಳ' ಎಂದಷ್ಟೇ ಇದ್ದರೆ ಅದು 1797, 1857, 1917 ಯಾವುದೂ ಆಗಬಹುದು. ಮಾಸ, ಪಕ್ಷ, ತಿಥಿಗಳೊಡನೆ ವಾರವೂ ಇದ್ದಲ್ಲಿ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗಕೋಷ್ಟಕಗಳ ನೆರವಿನಿಂದ ಒಂದು ವರ್ಷಕ್ಕೆ ಸೀಮಿತಗೊಳಿಸುವುದು ಬಹುಮಟ್ಟಿಗೆ ಸಾಧ್ಯ. ದಫ್ತರಗಳಲ್ಲಿ ಫಸಲಿ ಅಥವಾ ಸುಹೂರ ಸನ್ ಇರುತ್ತದೆ. ದಕ್ಷಿಣದ ಫಸಲಿಗೆ 590, ಸುಹೂರಕ್ಕೆ 599 ಕೂಡಿಸಿದರೆ ಕ್ರಿಸ್ತವರ್ಷದ ಆರಂಭ ದೊರೆಯುತ್ತದೆ. ಇವೆರಡೂ ಮೃಗಶಿರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ತಿಂಗಳಿಗೆ, ಮೊದಲಾಗುವುದರಿಂದ ಜನವರಿಯಿಂದ ಜೂನ್‌ವರೆಗಿನ ಕಾಗದಗಳಿಗೆ ಇನ್ನೊಂದನ್ನು ಸೇರಿಸಬೇಕು.

8. ಅಧ್ಯಯನಕ್ರಮ

ಮೇಲಿನ ವಿವೇಚನೆಯಿಂದ ಈ ತಾಲ್ಲೂಕುಗಳ ಪದವಿ ಕಾಲೇಜುಗಳ ಅಧ್ಯಾಪಕರು ಕೈಗೊಳ್ಳಬಹುದಾದ ಕ್ರಮವೊಂದನ್ನು ಹೀಗೆ ಸೂಚಿಸಬಹುದು.

(ಅ) ಸ್ಥಳವೇ ಮೊದಲು. ಕಟ್ಟನ್ನು ಬಿಚ್ಚುವ ಮುನ್ನ ಅದು ಇರುವ ಊರು, ನೆಲೆ, ಇಟ್ಟ ಜಾಗ, ಸುತ್ತಿದ ವಸ್ತ್ರ, ಕಟ್ಟಿನೊಳಗಿನ ವಸ್ತುಗಳ ಅನುಕ್ರಮ ಇವನ್ನು ಬರೆದುಕೊಳ್ಳಬೇಕು. ಛಾಯಾಚಿತ್ರ ತೆಗೆಯುವುದಾದರೆ ಮೊದಲ ಚಿತ್ರ ಗಂಟಿನದಾಗಬೇಕು, ಗರಿಯದಲ್ಲ.

(ಆ) ಪುಷ್ಪಿಕೆಯನ್ನು ಪೂರ್ಣವಾಗಿ ನಕಲು ಮಾಡಬೇಕು. ಬರೆದವನ ಹೆಸರು, ಬರೆಸಿದವರು, ಕಾಲ, ಊರು, ಫಲಶ್ರುತಿ, ತಪ್ಪಿದ್ದರೆ ಮನ್ನಿಸಿರೆಂಬ ಬಿನ್ನಹ ಇವುಗಳಲ್ಲಿ ಯಾವುದನ್ನೂ 'ರೂಢಿಯ ಮಾತು' ಎಂದು ಬಿಡಬಾರದು. ರೂಢಿಯ ಮಾತಿನಲ್ಲಿಯೂ ಪ್ರದೇಶಭೇದವಿರುತ್ತದೆ.

(ಇ) ಮನೆಯ ಹಿರಿಯರ ಮಾತನ್ನು ದಾಖಲಿಸಬೇಕು. ಕಟ್ಟು ಯಾರ ಕಾಲದಿಂದ ಬಂದುದು, ಮದುವೆಯಲ್ಲಿ ಬಂದುದೋ ಗುರುವಿನಿಂದ ಬಂದುದೋ, ಕೊನೆಗೆ ಯಾರು ಓದುತ್ತಿದ್ದರು ಎಂಬುದನ್ನು ಬಲ್ಲವರ ತಲೆಮಾರು ಮುಗಿಯುತ್ತ ಬಂದಿದೆ. ಓಲೆಗೆ ಇನ್ನೂ ನೂರು ವರ್ಷ ಆಯುಷ್ಯವಿರಬಹುದು; ಈ ನೆನಪಿಗೆ ಅಷ್ಟು ಆಯುಷ್ಯವಿಲ್ಲ.

(ಈ) ಬಿಚ್ಚುವ ದಿನವನ್ನು ಅರಿತಿರಬೇಕು. ಶ್ರುತಪಂಚಮಿ, ನವರಾತ್ರಿಯ ಸರಸ್ವತೀಪೂಜೆ, ಶ್ರಾವಣಮಾಸದ ಪುರಾಣ ಪ್ರವಚನ ಇವು ಗ್ರಂಥಗಳು ಹೊರಬರುವ ಸಂದರ್ಭಗಳು. ಬೇರೆ ದಿನ ತೋರಿಸಲು ಒಪ್ಪದ ಮನೆಯವರು ಅಂದು ತಾವಾಗಿಯೇ ತೋರಿಸಬಹುದು. ಪೂಜೆಯ ನೆಪದಲ್ಲಿ ಗರಿಗಳ ಮೇಲೆ ಬೀಳುವ ಅರಿಸಿನ, ಕುಂಕುಮ, ನೀರುಗಳಿಂದ ಆಗುವ ಹಾನಿಯನ್ನು ವಿನಯದಿಂದ ತಿಳಿಸಿ, ಪೂಜೆ ಮೇಲುಹೊದಿಕೆಗೆ ಸಲ್ಲುವಂತೆ ಮನವೊಲಿಸುವುದು ಸಾಧ್ಯ.

(ಉ) ಸಂರಕ್ಷಣೆಯಲ್ಲಿ ಆತುರ ಕೂಡದು. ಒಣಗಿದ ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರುವ ಪದ್ಧತಿಯಿದ್ದರೂ ತರಬೇತಿಯಿಲ್ಲದವರು ಅದಕ್ಕೆ ಕೈಹಾಕಬಾರದು. ಕಾಗದದ ಪ್ರತಿಗೆ ಎಣ್ಣೆ ಎಂದಿಗೂ ಸಲ್ಲದು.

(ಊ) ಸಮಾರಂಭವನ್ನು ಊರಿಗೆ ಒಯ್ಯಬೇಕು. ವಿಚಾರಸಂಕಿರಣಗಳು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಡೆದರೆ ವಿದ್ವಾಂಸರು ಬರುತ್ತಾರೆ. ಬಂಕಾಪುರ, ಅಬಲೂರುಗಳಲ್ಲಿ ನಡೆದರೆ ಕಟ್ಟುಗಳ ಒಡೆಯರೂ ಬರುತ್ತಾರೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಈ ಪರಿಸರದೊಳಗೇ ಇದೆ. ಓಲೆ ಮತ್ತು ನಾಲಗೆಗಳನ್ನು ಒಟ್ಟಿಗೆ ಅಭ್ಯಸಿಸಬೇಕಾದ ಸರ್ವಜ್ಞ, ಷರೀಫರಂಥವರ ವಿಷಯದಲ್ಲಿ ಹಸ್ತಪ್ರತಿತಜ್ಞರೂ ಜಾನಪದತಜ್ಞರೂ ಜತೆಗೂಡುವುದಕ್ಕೆ ಇದಕ್ಕಿಂತ ತಕ್ಕ ನೆಲೆ ದೊರೆಯದು.

9. ಉಪಸಂಹಾರ

2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಜ್ಞಾನಭಾರತಂ ಯೋಜನೆ ಘೋಷಿತವಾಯಿತು. ಗಣಕೀಕರಣದಿಂದ ಪಠ್ಯ ಉಳಿಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಊರು-ಮನೆಗಳ ವಿವರವಿಲ್ಲದ ಚಿತ್ರವು ಹಳೆಯ ಸೂಚಿಗಳ ಕೊರತೆಯನ್ನೇ ಹೊಸ ಯಂತ್ರದಲ್ಲಿ ಮುಂದುವರಿಸುತ್ತದೆ.

ಲೋಕಸೇನನು ತನ್ನ ಪ್ರಶಸ್ತಿಯಲ್ಲಿ ಗ್ರಂಥದ ಹೆಸರಿನೊಡನೆ ಅರಸನನ್ನು, ಊರನ್ನು, ವರ್ಷವನ್ನು, ತಿಥಿಯನ್ನು, ನೆರೆದ ಜನರನ್ನು ನೆನೆದನು. ಹನ್ನೊಂದು ಶತಮಾನಗಳ ಅನಂತರವೂ ಬಂಕಾಪುರದ ಆ ದಿನ ನಮಗೆ ತಿಳಿಯುವುದು ಅವನು ಹಾಗೆ ಬರೆದಿಟ್ಟುದರಿಂದ. ಹಸ್ತಪ್ರತಿಯೊಂದನ್ನು ಕೈಗೆತ್ತಿಕೊಳ್ಳುವ ಇಂದಿನ ಸಂಶೋಧಕನು ತನ್ನ ಸೂಚಿಯಲ್ಲಿ ಅಷ್ಟನ್ನಾದರೂ ಬರೆದಿಡುವುದು ಕರ್ತವ್ಯ. ಆ ಕೆಲಸಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಗಂಟು ಬಿಚ್ಚುವ ಮೊದಲು ಊರಿನ ಹೆಸರನ್ನು ಬರೆಯುವ ಅಭ್ಯಾಸ ಸಾಕು.